ಮಗು ಕುಗ್ಗುವುದಿಲ್ಲ

ಜನವರಿ 9

ಅಪ್ಪನಿಗೆ,

ನಿಮ್ಮ ಲಕೋಟೆ ನಿನ್ನೆ ಆಫೀಸಿಗೆ ಬಂತು. ಒಡೆದು ನೋಡಿದವಳು ಕುರ್ಚಿಯಲ್ಲಿ ಹಾಗೇ ಕುಸಿದು ಕೂತೆ. ಪಕ್ಕದ ಮೇಜಿನವಳು ಗಾಬರಿಯಿಂದ ನೀರು ತಂದುಕೊಟ್ಟು, "ಏನಾಯ್ತು? ಮನೇಲಿ ಎಲ್ಲ ಚೆನ್ನಾಗಿದಾರೆ ತಾನೇ?" ಅಂದಳು. "ನಮ್ಮಪ್ಪ ಕಥೆ ಬರ್ದಿದಾರೆ" ಅಂದೆ. "ಅಯ್ಯೋ, ಯಾವಾಗಿಂದ?" ಅಂತ ಕೇಳಿದಳು, ಕಾಯಿಲೆ ವಿಚಾರಿಸುವ ಧಾಟಿಯಲ್ಲಿ.

ನನ್ನ ಗಾಬರಿಯೂ ಅದೇ. ಎಂಬತ್ತೆರಡು ವರ್ಷದಲ್ಲಿ ನೀವು ಅಂಗಡಿಯ ಅಳತೆ ಪುಸ್ತಕ ಬಿಟ್ಟು ಬೇರೇನನ್ನೂ ಬರೆದವರಲ್ಲ. ನಾನು ಹಾಸ್ಟೆಲ್ಲಿನಲ್ಲಿದ್ದಾಗ ಬರುತ್ತಿದ್ದ ಕಾಗದವೆಂದರೆ ಎರಡು ಸಾಲು: "ಕ್ಷೇಮ. ಅಂಗಿ ಕಳಿಸಿದ್ದೇನೆ." ಈಗ ನೋಡಿದರೆ ಎರಡು ತುಂಬು ಪುಟ! ಒಬ್ಬ ದರ್ಜಿ, ಅವನ ಹೆಂಡತಿ, ಒಂದು ಪುಟ್ಟ ಮಗಳು. ಮಗಳ ಮೊದಲ ಹುಟ್ಟುಹಬ್ಬಕ್ಕೆ ಅವನು ನೀಲಿ ಫ್ರಾಕು ಹೊಲಿಯುವ ಭಾಗವನ್ನು ಮೂರು ಸಲ ಓದಿದೆ. ಎದೆ ಹದಿನೆಂಟು ಅಂಗುಲ, ಉದ್ದ ಹದಿನೈದು ಅಂತ ಬರೆದು ಸುಮ್ಮನಾಗಿದ್ದೀರಲ್ಲ, ಇನ್ನೊಬ್ಬರಾಗಿದ್ದರೆ ಮಗುವಿನ ನಗು, ಕೆನ್ನೆ ಅಂತ ಅರ್ಧ ಪುಟ ಹಚ್ಚಿರುತ್ತಿದ್ದರು. ಎರಡನೇ ಪುಟದಲ್ಲಿ ಗಿರಾಕಿಯೊಬ್ಬ ಕೋಟಿನ ಬಟ್ಟೆ ತಂದು, ಗುರುವಾರ ಸಂಜೆ ಆರಕ್ಕೆ ಬೇಕೇ ಬೇಕು ಅನ್ನುತ್ತಾನೆ. ಮುಂದೆ?

ತಿದ್ದಿ ಕಳಿಸುತ್ತಿದ್ದೇನೆ. ಮೂವತ್ತು ವರ್ಷ ಕರಡು ತಿದ್ದಿದ ಕೈ, ಸುಮ್ಮನಿರಲಾರದು.

ಒಂದು ವಿನಂತಿ. ಲಕೋಟೆಯ ಮೇಲೆ "ಗುಂಡಿಗೆ, ಕರಡು ತಿದ್ದುವ ವಿಭಾಗ" ಅಂತ ಬರೆಯಬೇಡಿ. ನಾಲ್ಕು ತಿಂಗಳೊಳಗೆ ನಿವೃತ್ತಳಾಗುವ ಹೆಂಗಸು ನಾನು. ಇಡೀ ಆಫೀಸು ಈಗ ನನ್ನನ್ನು ಗುಂಡಿ ಮೇಡಂ ಅನ್ನುತ್ತಿದೆ.

ನಿಮ್ಮ ಮಗಳು


ಜನವರಿ 20

ಗುಂಡಿ,

ನಿನ್ನ ಲಕೋಟೆ ಬಂತು. ಎರಡು ಪುಟಕ್ಕೆ ಇಪ್ಪತ್ತೇಳು ಕಡೆ ಕೆಂಪು ಗೀಟು. ಎದುರಂಗಡಿಯ ಇಸ್ತ್ರಿಯವನು ನೋಡಿ, "ಏನಯ್ಯಾ, ಹಾಳೆಗೆ ಗಾಯ ಆಗಿದೆ!" ಅಂದ. ಅವನಿಗೆ ಕಥೆ ಓದಿ ಹೇಳುತ್ತಿದ್ದೇನೆ. ಕಥೆ ಕೇಳುತ್ತಾ ನಿನ್ನೆ ಯಾರದೋ ಅಂಗಿಯ ಕಾಲರು ಸುಟ್ಟ. ನನ್ನ ಮೇಲೇ ರೇಗಿದ.

ನಿನ್ನನ್ನು ಗುಂಡಿ ಅನ್ನುವುದನ್ನು ನಾನು ಬಿಡುವುದಿಲ್ಲ. ಬೇರೇನು ಬೇಕಾದರೂ ಕೇಳು.

ಏಪ್ರಿಲ್ ಮೂವತ್ತಕ್ಕೆ ನಿನ್ನ ನಿವೃತ್ತಿ. ಅದರೊಳಗೆ ಈ ಕಥೆ ಮುಗಿಸಬೇಕು. ಯಾರೂ ಕೇಳಿದ್ದಲ್ಲ, ನಾನೇ ಹಾಕಿಕೊಂಡ ಗಡುವು. ಕಥೆ ಬರೆಯುವುದು ಇಷ್ಟು ಕಷ್ಟ ಅಂತ ಗೊತ್ತಿದ್ದರೆ ಕೈ ಹಾಕುತ್ತಿರಲಿಲ್ಲ. ಬಟ್ಟೆಯಾದರೆ ತಪ್ಪಿದರೆ ಬಿಚ್ಚಿ ಹೊಲಿಯಬಹುದು, ಇದನ್ನು ಬಿಚ್ಚಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದರೂ ಮುಗಿಸುತ್ತೇನೆ. ಅರವತ್ತು ವರ್ಷದಲ್ಲಿ ಹೇಳಿದ ದಿನ, ಹೇಳಿದ ಹೊತ್ತಿಗೆ ಬಟ್ಟೆ ಕೊಟ್ಟವನು ನಾನು. ಒಂದೇ ಒಂದು ಸಲ ತಪ್ಪಿಸಿದ್ದೇನೆ. ಅದನ್ನು ಇನ್ನೊಮ್ಮೆ ಹೇಳುತ್ತೇನೆ.

ಮೂರನೇ ಪುಟ ಇಟ್ಟಿದ್ದೇನೆ. ನಿಧಾನವಾಗಿ ಓದು.

ಅಪ್ಪ


ಫೆಬ್ರವರಿ 8

ಅಪ್ಪನಿಗೆ,

ಉತ್ತರ ತಡವಾಯಿತು. ನಮ್ಮ ನಿಘಂಟು ಪ್ರಾಣ ತಿನ್ನುತ್ತಿದೆ. ಹನ್ನೊಂದು ವರ್ಷದಿಂದ ಇದರ ಕರಡು ನೋಡುತ್ತಿದ್ದೇನೆ, ಈಗ 'ಮ' ಅಕ್ಷರದಲ್ಲಿದ್ದೇವೆ. ಮುಗಿಯಲು ಇನ್ನೂ ಎರಡು ವರ್ಷ ಬೇಕು. ನನಗಿರುವುದು ಎರಡೂವರೆ ತಿಂಗಳು. ಸಾಹೇಬರ ಹತ್ತಿರ ಹೋಗಿ, "ಮುಗಿಸೋವರೆಗೆ ಇರ್ತೀನಿ ಸಾರ್" ಅಂತ ಬೇಡಿಕೊಂಡೆ. ಅವರು ನನ್ನ ಕಡತ ತೆಗೆದು, ಹುಟ್ಟಿದ ದಿನಾಂಕದ ಮೇಲೆ ಬೆರಳಿಟ್ಟು, "ನಾನೇನು ಮಾಡ್ಲಿ ಮೇಡಂ, ಇದು ಹೇಳೋದೇ ಕೊನೆ ಮಾತು" ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಇದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಇನ್ನು ಕಥೆ. ಮೂರನೇ ಪುಟದಲ್ಲಿ ದೊಡ್ಡ ತಪ್ಪಾಗಿದೆ. "ಮರುವರ್ಷ ಮಗಳಿಗೆ ಇನ್ನೊಂದು ಫ್ರಾಕು. ಎದೆ ಹದಿನೈದು, ಉದ್ದ ಹನ್ನೆರಡು." ಹಿಂದಿನ ವರ್ಷವೇ ಎದೆ ಹದಿನೆಂಟಿತ್ತಲ್ಲ! ಇಷ್ಟು ವರ್ಷದ ದರ್ಜಿ ಹೀಗಾ ಎಡವುವುದು? ಹದಿನೈದನ್ನು ಹತ್ತೊಂಬತ್ತು, ಹನ್ನೆರಡನ್ನು ಹದಿನೇಳು ಮಾಡಿದ್ದೇನೆ. ಹೆಂಡತಿ ಈ ಪುಟದಲ್ಲಿ ಯಾಕೆ ಒಂದು ಮಾತೂ ಆಡುವುದಿಲ್ಲ? ಅವಳಿಗೂ ಏನಾದರೂ ಹೇಳಲು ಕೊಡಿ.

ಹೇಳಿದ ಹೊತ್ತಿಗೆ ಕೊಟ್ಟವನು ಅಂತ ಮತ್ತೆ ಶುರು ಮಾಡಿದ್ದೀರಿ. ನೀವು ಆ ಮಾತು ತೆಗೆದಾಗಲೆಲ್ಲ ಅಮ್ಮ ಎದ್ದು ಒಳಗೆ ಹೋಗಿಬಿಡುತ್ತಿದ್ದಳು, ನೆನಪಿದೆಯಾ? ಕೇಳಿ ಕೇಳಿ ಸಾಕಾಗಿದೆ ಪಾಪ ಅಂತ ನಾನು ನಗುತ್ತಿದ್ದೆ.

ನಿಮ್ಮ ಮಗಳು


ಮಾರ್ಚ್ 1

ಗುಂಡಿ,

ಅಳತೆ ಸರಿಯಾಗಿದೆ. ನೀನು ಬರೆದದ್ದನ್ನು ಹೊಡೆದು ಮತ್ತೆ ಹದಿನೈದು, ಹನ್ನೆರಡು ಮಾಡಿ ಕಳಿಸಿದ್ದೇನೆ.

ಕೊನೆಯನ್ನು ಏಳು ಸಲ ಬರೆದೆ, ಏಳು ಸಲ ಹರಿದೆ. ಇಸ್ತ್ರಿಯವನು, "ನಿನ್ನ ಕೈಲಿ ಆಗಲ್ಲ ಬಿಡು, ಬಾಯಲ್ಲಿ ಹೇಳ್ಬಿಡು" ಅನ್ನುತ್ತಾನೆ. ಬಾಯಲ್ಲಿ ಹೇಳುವ ಹಾಗಿದ್ದರೆ ಕಥೆ ಯಾಕೆ ಬರೆಯುತ್ತಿದ್ದೆ?

ಅಪ್ಪ


ಮಾರ್ಚ್ 12

ಅಪ್ಪನಿಗೆ,

ಹಟ ಅಂದರೆ ನಿಮ್ಮದು. ಮತ್ತೆ ಹತ್ತೊಂಬತ್ತು, ಹದಿನೇಳು ಮಾಡಿದ್ದೇನೆ. ದಯವಿಟ್ಟು ಇನ್ನು ಮುಟ್ಟಬೇಡಿ.

ಬರೆದವರಿಗೆ ತಮ್ಮ ತಪ್ಪು ಕಾಣುವುದಿಲ್ಲ, ಅದಕ್ಕೇ ನಮ್ಮಂಥವರಿಗೆ ಸಂಬಳ ಕೊಡುತ್ತಾರೆ. ಒಂದು ವರ್ಷದಲ್ಲಿ ಮೂರು ಅಂಗುಲ ಕಮ್ಮಿ! ನೀವು ಸಾವಿರ ಮಕ್ಕಳಿಗೆ ಹೊಲಿದವರು, ನಾನು ನಿಮಗೆ ಹೇಳಿಕೊಡಬೇಕೇ? ಮಗು ಕುಗ್ಗುವುದಿಲ್ಲ ಅಪ್ಪ.

ಕೊನೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಏನು ನಡೆಯಿತೋ ಅದನ್ನೇ ಬರೆಯಿರಿ.

ನಿಮ್ಮ ಮಗಳು


ಮಾರ್ಚ್ 24

ಗುಂಡಿ,

ಮಗು ಕುಗ್ಗಲಿಲ್ಲ. ಅದು ಬೇರೆ ಮಗು.

ಹದಿನೆಂಟು ಅಂಗುಲದ ಎದೆ ನಿನ್ನ ಅಕ್ಕನದು. ಹದಿನೈದು ನಿನ್ನದು. ನಿನಗೊಬ್ಬಳು ಅಕ್ಕ ಇದ್ದಳು. ಒಂದು ವರ್ಷ ಏಳು ತಿಂಗಳು ಇದ್ದಳು. ನವೆಂಬರಿನಲ್ಲಿ ಜ್ವರ ಬಂದು ಹೋದಳು. ಆಗ ನೀನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದೆ. ಆ ಮನೆಯಲ್ಲಿ ನಿಮ್ಮಮ್ಮನಿಗೆ ಇರಲು ಆಗಲಿಲ್ಲ, ಊರನ್ನೇ ಬಿಟ್ಟು ಇಲ್ಲಿಗೆ ಬಂದೆವು. ಇಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಜೂನ್ ಹದಿನಾಲ್ಕಕ್ಕೆ ನೀನು ಹುಟ್ಟಿದೆ. ನಿಮ್ಮಮ್ಮ ನಿನ್ನನ್ನು ಎತ್ತಿಕೊಂಡು, "ಚಿನ್ನಿ ವಾಪಸ್ ಬಂದ್ಲು" ಅಂದಳು. ನಿನ್ನ ಅಕ್ಕನ ಹೆಸರನ್ನೇ ನಿನಗಿಟ್ಟಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ನೀನು ಹುಟ್ಟಿದ್ದನ್ನು ನಾನು ಎಲ್ಲೂ ಬರೆಸಲಿಲ್ಲ. ಅವಳು ಹೋದದ್ದನ್ನೂ ಬರೆಸಲಿಲ್ಲ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ಟರು ಜನನಪತ್ರ ಕೇಳಿದರು. ನಿಮ್ಮಮ್ಮ ಚೀಲದಿಂದ ಅಕ್ಕನ ಪತ್ರ ತೆಗೆದು ಮೇಜಿನ ಮೇಲಿಟ್ಟಳು. "ಏಳು ವರ್ಷದ ಹುಡುಗಿ ಇಷ್ಟು ಪುಟ್ಟಕ್ಕಿದಾಳಲ್ಲ?" ಅಂದರು ಅವರು. "ನಮ್ಮನೇಲಿ ಎಲ್ರೂ ಗಿಡ್ಡ" ಅಂದಳು ನಿಮ್ಮಮ್ಮ. ನಾನು ಬಾಯಲ್ಲಿ ಸೂಜಿ ಕಚ್ಚಿಕೊಂಡವನ ಹಾಗೆ ನಿಂತಿದ್ದೆ. ನಿನಗಾಗ ಐದು ತುಂಬಲು ಇನ್ನೂ ಹತ್ತು ದಿನ ಇತ್ತು.

ನಿಮ್ಮಮ್ಮ ಇರುವವರೆಗೆ ಹೇಳುವ ಹಾಗಿರಲಿಲ್ಲ. ಅವಳು ಹೋದ ಮೇಲೆ ಹೇಗೆ ಹೇಳಬೇಕೋ ತಿಳಿಯಲಿಲ್ಲ. ಕಥೆ ಅಂತ ಬರೆದರೆ ಯಾರದೋ ವಿಷಯ ಅನ್ನಿಸುತ್ತದೆ, ಕೈ ನಡೆಯುತ್ತದೆ ಅಂದುಕೊಂಡೆ. ನೀನು ನಿವೃತ್ತಳಾಗುವುದರೊಳಗೆ ಹೇಳಬೇಕು ಅಂತಲೇ ಆ ಗಡುವು. ಇನ್ನೂ ಎರಡು ವರ್ಷ ಎರಡು ತಿಂಗಳು ನಿನ್ನ ಕೆಲಸ ನಿನ್ನದು. ಮೂರನೇ ಪುಟದ ಜೊತೆ ಅಳತೆ ಪುಸ್ತಕದ ಹಾಳೆ ಇಟ್ಟಿದ್ದೇನೆ, ನೀನು ಹುಟ್ಟಿದ ತಾರೀಖು ಅದರಲ್ಲಿದೆ. ಸಾಹೇಬರಿಗೆ ತೋರಿಸು. ನಿಘಂಟು ಮುಗಿಸು.

ಅಪ್ಪ


ಏಪ್ರಿಲ್ 3

ನಿಮ್ಮ ಕಾಗದ ಬಂದು ಐದು ದಿನ ಆಯಿತು. ಪ್ರತಿದಿನ ತೆಗೆದು ಓದುತ್ತೇನೆ, ಯಾವ ದಿನವಾದರೂ ಬೇರೆ ಏನೋ ಬರೆದಿರಬಹುದು ಅಂತ. ಅದೇ ಇರುತ್ತದೆ.

ಏನು ಬರೆಯಲಿ? ನಿನ್ನೆ ಕನ್ನಡಿ ಮುಂದೆ ನಿಂತು ನನ್ನ ಹೆಸರು ಜೋರಾಗಿ ಕರೆದೆ. ಯಾರನ್ನು ಕರೆಯುತ್ತಿದ್ದೇನೆ ಅಂತ ತಿಳಿಯದೆ ಹೆದರಿ ಬಚ್ಚಲ ದೀಪ ಆರಿಸಿ ಬಂದೆ.

ನನ್ನ ತರಗತಿಯವರಿಗೆಲ್ಲ ಹಾಲುಹಲ್ಲು ಬಿದ್ದು ಎರಡು ವರ್ಷದ ಮೇಲೆ ನನ್ನವು ಬಿದ್ದವು. ಎಲ್ಲರೂ ಗೇಲಿ ಮಾಡುತ್ತಿದ್ದರು. "ಡಾಕ್ಟರ ಹತ್ರ ಹೋಗೋಣಮ್ಮ" ಅಂತ ನಾನೇ ಅತ್ತರೂ ಅಮ್ಮ ಯಾಕೆ ಕರೆದುಕೊಂಡು ಹೋಗಲಿಲ್ಲ ಅಂತ ಈಗ ಗೊತ್ತಾಯಿತು. ಪ್ರತಿವರ್ಷ ಏಪ್ರಿಲ್ ಹನ್ನೊಂದಕ್ಕೆ, ನನ್ನ ಹುಟ್ಟುಹಬ್ಬಕ್ಕೇ, ಅವಳಿಗೆ ಯಾಕೆ ತಲೆನೋವು ಬರುತ್ತಿತ್ತು ಅಂತಲೂ. ಜೂನ್ ಬಂತೆಂದರೆ ನೀವು ಕಾರಣವಿಲ್ಲದೆ ಒಂದು ಹೊಸ ಅಂಗಿ ಹೊಲಿದು, "ಶಾಲೆ ಶುರುವಾಯ್ತಲ್ಲ, ಹಾಕ್ಕೋ" ಅನ್ನುತ್ತಿದ್ದಿರಿ. ಮದುವೆಯಾದ ಮೇಲೂ ಜೂನಿನಲ್ಲಿ ಒಂದು ರವಿಕೆ ಬರುತ್ತಿತ್ತು. ಯಾವ ಶಾಲೆ ಅಪ್ಪ?

ಹೆಸರು ನನ್ನದಲ್ಲ, ವಯಸ್ಸು ನನ್ನದಲ್ಲ. ಅಮ್ಮ ಸಾಯುವಾಗ ನನ್ನ ಕೈ ಹಿಡಿದು "ಚಿನ್ನಿ" ಅಂದಳಲ್ಲ, ಅದು ಯಾರಿಗೆ?

ನಾನು ತಿದ್ದಿದೆ ಅಪ್ಪ. ಎರಡು ಸಲ ತಿದ್ದಿದೆ. ನನ್ನ ಮೊದಲ ಅಳತೆಯನ್ನು ನಾನೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಅವಳನ್ನು ಬೆಳೆಸಿದೆ.

ಇನ್ನೊಂದು. ಕರಡು ತಿದ್ದುವವಳ ಕಣ್ಣು ಇಂಥ ಹೊತ್ತಿನಲ್ಲೂ ಸುಮ್ಮನಿರುವುದಿಲ್ಲ. ಎರಡನೇ ಪುಟದಲ್ಲಿ ಒಂದು ಕೋಟು ಬರುತ್ತದೆ. ಗುರುವಾರ ಸಂಜೆ ಆರು ಗಂಟೆ. ಮೂರನೇ ಪುಟದಲ್ಲಿ ಅದರ ಸುದ್ದಿಯೇ ಇಲ್ಲ. ಆ ಕೋಟು ಏನಾಯಿತು?


ಏಪ್ರಿಲ್ 14

ಗುಂಡಿ,

ಅದನ್ನು ಕೇಳದೆ ಬಿಡುತ್ತೀಯ ಅಂದುಕೊಂಡಿದ್ದೆ. ನಾಲ್ಕನೇ ಪುಟ ಬೇರೆ ಬರೆಯುವುದಿಲ್ಲ. ಇದೇ ನಾಲ್ಕನೇ ಪುಟ.

ಮಗುವಿಗೆ ಮೂರು ದಿನದಿಂದ ಜ್ವರ. ಗುರುವಾರ ಮಧ್ಯಾಹ್ನ ನಿಮ್ಮಮ್ಮ ಅವಳನ್ನು ಎತ್ತಿಕೊಂಡು ಅಂಗಡಿಗೆ ಓಡಿಬಂದಳು. "ಮೈ ಕೆಂಡ ಆಗಿದೆ, ಕಣ್ಣು ಬಿಡ್ತಿಲ್ಲ, ಬನ್ನಿ ಆಸ್ಪತ್ರೆಗೆ ಹೋಗೋಣ" ಅಂದಳು. ಕೋಟಿಗೆ ಒಂದು ತೋಳು ಕೂರಿಸುವುದು ಬಾಕಿ ಇತ್ತು. ಗಿರಾಕಿ ಆರಕ್ಕೆ ಬಂದು, ಅದನ್ನು ಹಾಕಿಕೊಂಡೇ ರೈಲು ಹತ್ತುವವನು. ನಾನು, "ಇದೊಂದು ತೋಳು. ಮುಗಿಸಿ ಕೊಟ್ಟು ಹೋಗೋಣ, ಕೂತ್ಕೋ" ಅಂದೆ. ಅವಳು ಕತ್ತರಿಸುವ ಮೇಜಿನ ಕೆಳಗೆ ಬಟ್ಟೆ ಚೂರುಗಳ ಮೇಲೆ ಮಗುವನ್ನು ಮಲಗಿಸಿ ಕೂತಳು.

ಆರಕ್ಕೆ ಐದು ನಿಮಿಷ ಇರುವಾಗ ಕೋಟು ಮುಗಿಯಿತು. ಗಿರಾಕಿ ಹಾಕಿಕೊಂಡು ಕನ್ನಡಿ ನೋಡಿ, "ಕೈ ಅಂದ್ರೆ ಇದು!" ಅಂದ. ನನಗೆ ಖುಷಿಯಾಯಿತು ಗುಂಡಿ. ಅದನ್ನೂ ಬರೆಯಬೇಕಲ್ಲ. ಖುಷಿಯಾಯಿತು. ಅವನು ಹೋದ ಮೇಲೆ ಬಗ್ಗಿ ಮೇಜಿನ ಕೆಳಗೆ ನೋಡಿದೆ. ನಿಮ್ಮಮ್ಮ ನನ್ನನ್ನು ನೋಡಲಿಲ್ಲ. ಮಗುವನ್ನೂ ನೋಡುತ್ತಿರಲಿಲ್ಲ. ಗೋಡೆಯ ಗಡಿಯಾರ ನೋಡುತ್ತಿದ್ದಳು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು. ಮುಂಚೆ ಹೋಗಿದ್ದರೆ ಉಳಿಯುತ್ತಿದ್ದಳೋ ಏನೋ, ಡಾಕ್ಟರನ್ನು ನಾನು ಕೇಳಲೇ ಇಲ್ಲ. ಕೇಳುವ ಧೈರ್ಯ ಇರಲಿಲ್ಲ. ಆಮೇಲೆ ಐವತ್ತಾರು ವರ್ಷ ಹೇಳಿದ ಹೊತ್ತಿಗೆ ಕೊಟ್ಟವನು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಆ ದಿನ ಮಾಡಿದ್ದು ಸರಿ ಅಂತ ಯಾರಾದರೂ ಒಬ್ಬರು ಅನ್ನಲಿ ಅಂತ. ನಿಮ್ಮಮ್ಮ ಯಾಕೆ ಎದ್ದು ಒಳಗೆ ಹೋಗುತ್ತಿದ್ದಳು ಅಂತ ನಿನಗೆ ಈಗ ಗೊತ್ತಾಗಿರಬೇಕು.

ಅಪ್ಪ


ಏಪ್ರಿಲ್ 28

ಗುಂಡಿ,

ಎರಡು ವಾರದಿಂದ ನಿನ್ನ ಕಾಗದವಿಲ್ಲ. ಬರೆಯದಿದ್ದರೂ ಪರವಾಗಿಲ್ಲ. ಇಸ್ತ್ರಿಯವನು ದಿನಾ ಬಂದು ಅಂಚೆ ಬಂತಾ ಅಂತ ನನ್ನ ಮುಖ ನೋಡಿ ಹೋಗುತ್ತಾನೆ.

ನಾಡಿದ್ದು ಮೂವತ್ತು. ಕಥೆಗೆ ಕೊನೆ ಸಿಗಲಿಲ್ಲ. ಗಡುವು ತಪ್ಪಿತು. ಜೀವನದಲ್ಲಿ ಇದು ಎರಡನೆಯದು. ಮೊದಲನೆಯದನ್ನು ಇನ್ನೊಮ್ಮೆ ಹೇಳುತ್ತೇನೆ ಅಂದಿದ್ದೆನಲ್ಲ, ಅದನ್ನಾದರೂ ಹೇಳಿ ಮುಗಿಸುತ್ತೇನೆ.

ಜೂನ್ ಹದಿನಾಲ್ಕು. ಇಲ್ಲಿ ಅಂಗಡಿ ಹಾಕಿ ಒಂದು ತಿಂಗಳಾಗಿತ್ತು. ಹೊಸ ಊರು, ಹೊಸ ಗಿರಾಕಿ, ಐದು ಗಂಟೆಗೆ ಒಂದು ಶರ್ಟು ಕೊಡಬೇಕಿತ್ತು. ಕೊನೆಯ ಗುಂಡಿ ಹಚ್ಚುತ್ತಿದ್ದೆ. ಪಕ್ಕದ ಮನೆಯಾಕೆ ಬಂದು, "ನಿಮ್ಮನೆಯವರಿಗೆ ನೋವು ಶುರುವಾಗಿದೆ" ಅಂದಳು. ಒಂದೇ ಗುಂಡಿ, ಎರಡು ನಿಮಿಷದ ಕೆಲಸ. ಶರ್ಟು ಬಿಸಾಕಿ ಓಡಿದೆ. ಅಂಗಡಿ ಬಾಗಿಲನ್ನೂ ಹಾಕಲಿಲ್ಲ. ಗಿರಾಕಿ ಬಂದು ಬೈದು ಹೋದನಂತೆ, ಮತ್ತೆ ಯಾವತ್ತೂ ಬರಲಿಲ್ಲ. ಸೂಲಗಿತ್ತಿ ನಿನ್ನನ್ನು ನನ್ನ ಕೈಗೆ ಕೊಡಲು ಬಂದಾಗ ನನ್ನ ಮುಷ್ಟಿ ಬಿಚ್ಚಿಕೊಳ್ಳಲೇ ಇಲ್ಲ. ಬಿಡಿಸಿ ನೋಡಿದರೆ ಅದರೊಳಗೆ ಆ ಗುಂಡಿ ಇತ್ತು.

ಹೆಸರು ಅವಳದು, ತಾರೀಖು ಅವಳದು, ಚಿನ್ನಿ ಅನ್ನುವುದೂ ಅವಳದೇ. ನಾನು ಆ ಯಾವ ಹೆಸರಿನಿಂದಲೂ ನಿನ್ನನ್ನು ಒಂದು ದಿನವೂ ಕರೆಯಲಿಲ್ಲ, ನೆನಪು ಮಾಡಿಕೊಂಡು ನೋಡು. ನಿನಗೆ ಅಂತ ಹೊಸದಾಗಿ ನಾನು ಕೊಟ್ಟದ್ದು ಗುಂಡಿ ಒಂದೇ. ಅದನ್ನು ನಿನಗಿಂತ ಮುಂಚೆ ಯಾರೂ ತೊಟ್ಟಿರಲಿಲ್ಲ.

ಅಪ್ಪ


ಮೇ 4

ಅಪ್ಪನಿಗೆ,

ನಿಮ್ಮ ಕಾಗದ ಮೂವತ್ತರ ಮಧ್ಯಾಹ್ನ ಬಂತು. ಸಂಜೆಯ ಬೀಳ್ಕೊಡುಗೆ ಸಭೆಗೆ ಅದನ್ನು ಕೈಚೀಲದಲ್ಲಿ ಇಟ್ಟುಕೊಂಡೇ ಹೋದೆ.

ನಿಮ್ಮ ಅಳತೆ ಪುಸ್ತಕದ ಹಾಳೆಯನ್ನು ಸಾಹೇಬರಿಗೆ ತೋರಿಸಲಿಲ್ಲ. ಕಚೇರಿಯ ಗುಮಾಸ್ತರನ್ನು ಯಾರದೋ ವಿಷಯ ಅನ್ನುವ ಹಾಗೆ ವಿಚಾರಿಸಿದ್ದೆ. ತಾರೀಖು ಬದಲಾಗಬೇಕೆಂದರೆ ಮೊದಲು ಆ ಜನನಪತ್ರದ ಮಗು ಸತ್ತಿದೆ ಅಂತ ಬರೆದುಕೊಡಬೇಕಂತೆ. ಫಾರಂ ತಂದೆ. ಸತ್ತವರ ಹೆಸರು ಅನ್ನುವ ಕಡೆ ನನ್ನ ಹೆಸರು ಬರೆದು, ಅದನ್ನೇ ನೋಡುತ್ತಾ ಕೂತೆ. ಹರಿದುಹಾಕಿದೆ. ಅಮ್ಮ ಸಾಯುವವರೆಗೂ ಬರೆಯದೇ ಇದ್ದದ್ದನ್ನು ನಾನು ಎರಡು ವರ್ಷದ ಕೆಲಸಕ್ಕಾಗಿ ಬರೆಯಲಾರೆ. ನಿಘಂಟಿನ ಉಳಿದ ಕರಡನ್ನು ಪಕ್ಕದ ಮೇಜಿನವಳಿಗೆ ಒಪ್ಪಿಸಿದೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಸಭೆಯಲ್ಲಿ ಸಾಹೇಬರು ಹೆಸರು, ಹುಟ್ಟಿದ ತಾರೀಖು ಓದಿ, ಇವರು ಇಂದು ನಿವೃತ್ತರಾಗುತ್ತಿದ್ದಾರೆ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪಕ್ಕದಲ್ಲಿದ್ದವರು, "ನೀವ್ಯಾಕೆ ತಟ್ತೀರಾ ಮೇಡಂ?" ಅಂತ ನಕ್ಕರು. ನಾನು ತಟ್ಟಿದ್ದು ಅಕ್ಕನಿಗೆ, ಅಪ್ಪ. ಐವತ್ತೆಂಟು ವರ್ಷ ಆದದ್ದು ಅವಳಿಗೆ, ನಿವೃತ್ತಳಾದದ್ದೂ ಅವಳೇ. ಯಾರಾದರೂ ಒಂದು ಸಲ ಅವಳಿಗಾಗಿ ಚಪ್ಪಾಳೆ ತಟ್ಟಬೇಡವೇ?

ಮೂರನೇ ಪುಟ ಕಳಿಸುತ್ತಿದ್ದೇನೆ. ಹೊಡೆದುಹಾಕಿದ್ದು ಮೊದಲಿದ್ದ ಹಾಗೇ ಉಳಿಯಬೇಕೆಂದರೆ ನಾವು ಅದರ ಕೆಳಗೆ ಚುಕ್ಕಿಗಳನ್ನಿಡುತ್ತೇವೆ. ಹದಿನೈದರ ಕೆಳಗೆ ಇಟ್ಟಿದ್ದೇನೆ, ಹನ್ನೆರಡರ ಕೆಳಗೂ. ನಾಲ್ಕನೇ ಪುಟವನ್ನು ಇನ್ನೂ ಮುಟ್ಟಿಲ್ಲ. ಆ ಕೋಟನ್ನು ನೆನೆದರೆ ನಿಮ್ಮ ಮೇಲೆ ಎಂಥ ಸಿಟ್ಟು ಬರುತ್ತದೆ ಅಂದರೆ, ಅದನ್ನು ಕಾಗದದಲ್ಲಿ ಬರೆಯುವುದಿಲ್ಲ. ಎದುರಿಗೇ ಹೇಳುತ್ತೇನೆ. ಕೇಳಿಸಿಕೊಳ್ಳಬೇಕು ನೀವು.

ಕಥೆಯನ್ನು ಯಾವ ತಾರೀಖಿಗೂ ಮುಗಿಸಬೇಡಿ. ಜೂನ್ ಹದಿನಾಲ್ಕಕ್ಕೆ ಬರುತ್ತೇನೆ, ನನಗೆ ಐವತ್ತಾರು ತುಂಬುತ್ತದೆ. ಟೇಪು ತೆಗೆದಿಡಿ. ಅಳತೆ ಪುಸ್ತಕದ ಹಾಳೆ ತರುತ್ತೇನೆ, ಆ ಹದಿನೈದರ ಕೆಳಗೆ ಈಗಿನದನ್ನೂ ಬರೆದುಕೊಳ್ಳಿ.

ನಿಮ್ಮ
ಗುಂಡಿ